ತಟ್ಟಿಯಾಚೆಯ ಹರಪ್ಪ

ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಯಾರಾದರೂ ಸಿಕ್ಕರೆ ನನ್ನನ್ನು ಕೇಳುವುದು ಒಂದೇ ಮಾತು. "ಟೀಚರ್, ಆಗ ಏನೂ ಸೌಕರ್ಯ ಇರಲಿಲ್ಲವಲ್ಲ, ಪ್ರಪಂಚದ ಭೂಗೋಳ, ಈಜಿಪ್ಟು, ಮೆಸಪಟೋಮಿಯ ಇದನ್ನೆಲ್ಲ ಹಳ್ಳಿ ಮಕ್ಕಳಿಗೆ ಹೇಗೆ ಹೇಳಿಕೊಡುತ್ತಿದ್ದಿರಿ?" ಇದಕ್ಕೆ ಉತ್ತರ ಕಷ್ಟದ್ದಲ್ಲ. ಬಾಯಿ ಇತ್ತು, ಕಪ್ಪು ಹಲಗೆ ಇತ್ತು, ಹೇಳಿಕೊಡುತ್ತಿದ್ದೆವು. ಅವರು ಕೇಳದ, ಟ್ರೈನಿಂಗಿನಲ್ಲೂ ಯಾರೂ ಕಲಿಸದ ಇನ್ನೊಂದು ಸಂಗತಿ ಇದೆ. ನೀವು ಹೇಳುತ್ತಿರುವ ಪಾಠವನ್ನೇ ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಹೇಳುತ್ತಿರುತ್ತಾರೆ. ಅಲ್ಲಿಂದ ಮಕ್ಕಳ ನಗು ಕೇಳಿಬರುತ್ತದೆ. ನಿಮ್ಮ ಮಕ್ಕಳು ಆಕಳಿಸುತ್ತಿರುತ್ತಾರೆ. ಆಗ ನಿಮ್ಮ ಹೊಟ್ಟೆಯೊಳಗೆ ಏನಾಗುತ್ತದೆ? ನನಗಂತೂ ಉರಿಯುತ್ತಿತ್ತು. ಇಷ್ಟು ವಯಸ್ಸಾದ ಮೇಲೆ ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

ಬಡ್ತಿ, ವರ್ಗಾವಣೆ, ಸನ್ಮಾನಗಳ ಪುರಾಣ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೊಟ್ಟೆಕಿಚ್ಚಿನ ವಿಷಯವನ್ನೇ ಬರೆಯುತ್ತೇನೆ. ಈ ಕೆಲಸದಲ್ಲಿ ಇರುವಷ್ಟು ದಿನ ಅದು ನಿಮ್ಮ ಜೊತೆಗೇ ಹಾಜರಿ ಹಾಕುತ್ತದೆ.

ಮೊದಲು ನಾನಿದ್ದದ್ದು ಕೂಡ್ಲಿಗಿಯಲ್ಲಿ. ಆಗ ಹೊಟ್ಟೆಕಿಚ್ಚು ಪಡಲು ಯಾರೂ ಇರಲಿಲ್ಲ, ಏಕೆಂದರೆ ಆ ಶಾಲೆಗೆ ಸಮಾಜದ ಪಾಠ ಹೇಳುವವಳು ನಾನೊಬ್ಬಳೇ. ನಮ್ಮ ರಾಜ್ಯಕ್ಕೆ ಮೈಸೂರು ಹೋಗಿ ಕರ್ನಾಟಕ ಎಂದು ಹೆಸರು ಬಂದ ಹೊಸದು. ಮಕ್ಕಳ ಬಾಯಲ್ಲಿ ಎತ್ತಿದ್ದಕ್ಕೆಲ್ಲ ಕರ್ನಾಟಕ. ಭೂಗೋಳದಲ್ಲಿ ಭೂಮಧ್ಯರೇಖೆಯ ಉತ್ತರಕ್ಕೆ ಒಂದು ಗೆರೆ ಬರುತ್ತದಲ್ಲ, ಕರ್ಕಾಟಕ ಸಂಕ್ರಾಂತಿ ವೃತ್ತ, ಅದನ್ನು ಇಡೀ ಕ್ಲಾಸು ಕರ್ನಾಟಕ ಸಂಕ್ರಾಂತಿ ವೃತ್ತ ಎಂದು ಬರೆಯಿತು. ನಾನು ಕೆಂಪು ಶಾಯಿಯಲ್ಲಿ ತಿದ್ದಿದೆ. ಮತ್ತೆ ಹಾಗೆಯೇ ಬರೆದರು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ನನ್ನ ಮೇಲೆಯೇ ಸಿಟ್ಟಾದಳು. "ನಮ್ಮ ರಾಜ್ಯದ ಹೆಸರು ಬರದ್ರ ಯಾಕ್ರಿ ಟೀಚರ್ ತಪ್ಪು ಹಾಕ್ತೀರಿ?"

"ಆ ಗೆರೆ ನಮ್ಮ ರಾಜ್ಯದಾಗ ಹಾದು ಹೋಗಂಗಿಲ್ಲವಾ. ಅದು ಮ್ಯಾಲ, ಗುಜರಾತಿನ ಕಡಿ."

"ಮತ್ತ ಹೆಸರು ನಮ್ದು ಯಾಕ ಇಟ್ಟಾರ?"

ನನಗೆ ಎಲ್ಲಿಲ್ಲದ ರೋಷ ಬಂತು. ಸಂತೆಯ ದಿನ ಏಡಿ ಮಾರುವ ಹೆಂಗಸಿನ ಹತ್ತಿರ ಹೋಗಿ ಜೀವಂತ ಏಡಿಯೊಂದನ್ನು ತಗಡಿನ ಡಬ್ಬಿಗೆ ಹಾಕಿಸಿಕೊಂಡೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ನಾನು ಮನೆ ಸೇರುವ ಮೊದಲೇ "ಟೀಚರಮ್ಮ ಏಡಿ ತಗಂಡು ಹೋದ್ಲಂತ" ಎಂಬ ಸುದ್ದಿ ಓಣಿ ಸೇರಿತ್ತು. ಅತ್ತೆಯವರು ಡಬ್ಬಿಯನ್ನು ಹೊಸ್ತಿಲ ಒಳಗೆ ತರಗೊಡಲಿಲ್ಲ. ಮರುದಿನ ಕ್ಲಾಸಿನಲ್ಲಿ ಅದನ್ನು ಮೇಜಿನ ಮೇಲೆ ಬಿಟ್ಟೆ. ಮಕ್ಕಳು ಕಿರುಚಿ ಬೆಂಚಿನ ಮೇಲೆ ಹತ್ತಿದರು. "ಇದರ ಹೆಸರು ಕರ್ಕಾಟಕ. ಸೂರ್ಯ ಬಡಗಲಿಗೆ ಹೋಗೋದು ಈ ಗೆರೀತನಕ. ಅಲ್ಲಿಂದ ಏಡಿ ಹಂಗ ಹಿಂದಕ್ಕ ಸರೀತಾನ" ಎಂದೆ. ಏಡಿ ಹಿಂದಕ್ಕೆ ಹೋಗುವುದಿಲ್ಲ, ಅಡ್ಡಡ್ಡ ಹೋಗುತ್ತದೆ ಎಂದು ಮಕ್ಕಳು ತಕ್ಷಣ ತಿದ್ದಿದರು. ಇರಲಿ. ಆಮೇಲೆ ಯಾರೊಬ್ಬರೂ ಕರ್ನಾಟಕ ಎಂದು ಬರೆಯಲಿಲ್ಲ.

ಆ ಏಡಿ ನನ್ನದು. ನನ್ನ ಇಡೀ ಸರ್ವಿಸಿನಲ್ಲಿ ಯಾರಿಂದಲೂ ಕಡ ತರದೆ ನಾನೇ ಕಂಡುಕೊಂಡ ಪಾಠ ಅದೊಂದೇ. ಓದುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಆಮೇಲೆ ಹರಪನಹಳ್ಳಿಗೆ ವರ್ಗವಾಯಿತು. ಆಗ ನನ್ನ ಮಗಳು ವಸಂತಿ ಐದನೆಯ ತರಗತಿ ಮುಗಿಸಿದ್ದಳು. ನಾನು ಕೆಲಸ ಮಾಡುವ ಶಾಲೆಗೇ ಆರನೆಯ ತರಗತಿಗೆ ಸೇರಿಸಿದೆ. ಮೊದಲ ದಿನ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಒಂದು ಮಾತು ಹೇಳಿದೆ. "ಮನ್ಯಾಗ ನಾನು ಅವ್ವ. ಸಾಲ್ಯಾಗ ಅವ್ವ ಅನ್ನಬಾರದು, ಟೀಚರ್ ಅನ್ನಬೇಕು. ತಿಳೀತಾ?" ಅವಳು ತಲೆಯಾಡಿಸಿದಳು. ಶಿಕ್ಷಕರ ಮಕ್ಕಳು ಶಾಲೆಯಲ್ಲಿ ಅವ್ವ, ಅಪ್ಪ ಎಂದು ಓಡಿಬಂದರೆ ಉಳಿದ ಮಕ್ಕಳ ಮುಖ ಸಪ್ಪಗಾಗುತ್ತದೆ. ಅದು ನನಗೆ ಸೇರುತ್ತಿರಲಿಲ್ಲ. ಹೆಡ್‌ಮೇಷ್ಟ್ರು ಒಳ್ಳೆಯವರು. ಬಣ್ಣದ ಸೀಮೆಸುಣ್ಣವನ್ನು ಬಂಗಾರದ ಹಾಗೆ ಬೀರುವಿನಲ್ಲಿಟ್ಟು ಬೀಗ ಹಾಕುವವರು. "ತಾಯಿ ಸೆಕ್ಷನ್ನಿನಾಗ ಮಗಳು ಬ್ಯಾಡ್ರಿ, ನಾಳೆ ನಾಕು ಮಂದಿ ನಾಕು ಮಾತಾಡ್ತಾರ" ಎಂದರು. ನನಗೂ ಸರಿಯೆನ್ನಿಸಿತು. ನಾನು ಎ ಸೆಕ್ಷನ್ನಿಗೆ, ವಸಂತಿ ಬಿ ಸೆಕ್ಷನ್ನಿಗೆ.

ಬಿ ಸೆಕ್ಷನ್ನಿಗೆ ಸಮಾಜ ಹೇಳುತ್ತಿದ್ದವರು ರಾಜಾಸಾಬ್ ಸಾರ್.

ಅವರು ಆ ಊರಿನವರೇ. ಅಣ್ಣತಮ್ಮಂದಿರೆಲ್ಲ ಬಸ್‌ಸ್ಟ್ಯಾಂಡಿನ ಹಿಂದೆ ಸೈಕಲ್ಲು, ಸ್ಟವ್ವು ರಿಪೇರಿ ಮಾಡುವವರು. ಮನೆಯಲ್ಲಿ ಓದಿ ಮೇಷ್ಟ್ರಾದವರು ಇವರೊಬ್ಬರೇ. ಎತ್ತರದ ಆಳು, ಗಂಟಲು ದೊಡ್ಡದು. ನಮ್ಮದೋ ಒಂದೇ ಉದ್ದನೆಯ ಹಾಲು. ನಡುವೆ ಬಿದಿರಿನ ತಟ್ಟಿ ಕಟ್ಟಿ ಎರಡು ಕೋಣೆ ಮಾಡಿದ್ದರು. ಈ ಕಡೆ ಎ, ಆ ಕಡೆ ಬಿ. ಟೈಂಟೇಬಲ್ಲಿನಲ್ಲಿ ಎರಡಕ್ಕೂ ಸಮಾಜ ಒಂದೇ ಪೀರಿಯಡ್ಡಿಗೆ. ನಾನು ಇಲ್ಲಿ "ಪ್ರಾಚೀನ ನಾಗರಿಕತೆಗಳು ನದೀ ಬಯಲುಗಳಲ್ಲಿ ಹುಟ್ಟಿದವು" ಎಂದು ಓದಿಸುತ್ತಿದ್ದರೆ ಅಲ್ಲಿಂದ, "ಲೇ, ನಿಮ್ಮ ಊರಾಗ ಮೊದಲ ಮನಿ ಎಲ್ಲಿ ಕಟ್ಟಿರ್ತಾರ? ಬಾವಿ ಹತ್ರನೋ ಗುಡ್ಡದ ಮ್ಯಾಲೋ?" ಎಂದು ಕೇಳಿಬರುತ್ತಿತ್ತು. ನನ್ನ ಕಡೆಯ ಮಕ್ಕಳು ತಟ್ಟಿಯ ಕಡೆ ತಿರುಗಿ "ಬಾವಿ ಹತ್ರ ಸಾರ್" ಎಂದು ಉತ್ತರ ಕೊಡುತ್ತಿದ್ದರು. ಪಾಠ ನನ್ನದು, ಹಾಜರಿ ನನ್ನದು, ಮಕ್ಕಳ ಕಿವಿ ಮಾತ್ರ ಅವರದು.

ಒಮ್ಮೊಮ್ಮೆ ತಟ್ಟಿಯ ಆಚೆ ಪೂರ್ತಿ ನಿಶ್ಶಬ್ದವಾಗಿಬಿಡುತ್ತಿತ್ತು. ಮಕ್ಕಳನ್ನು ಹೊರಗೆಲ್ಲೋ ಕರೆದುಕೊಂಡು ಹೋದರು, ಪೀಡೆ ಕಳೆಯಿತು ಎಂದುಕೊಂಡು ನಾನು ನೆಮ್ಮದಿಯಿಂದ ಪಾಠ ಮಾಡುತ್ತಿದ್ದೆ.

ಹಾಗೆ ಹೊರಗೆ ಕರೆದುಕೊಂಡು ಹೋಗುವುದು ಅವರ ಚಾಳಿಯಾಗಿತ್ತು. ಸಿಂಧೂ ಕಣಿವೆಯ ಪಾಠ ಬಂದಾಗ ನನ್ನ ಕ್ಲಾಸಿನಲ್ಲಿ ಹರಪ್ಪ ಎಂದು ಬೋರ್ಡಿನ ಮೇಲೆ ಬರೆದದ್ದೇ ತಡ, ಮಕ್ಕಳೆಲ್ಲ ಒಟ್ಟಿಗೆ ಎದ್ದು ನಿಂತರು. "ಟೀಚರ್ರೀ, ಹರಪ್ಪ ಅಂದ್ರ ನಮ್ಮೂರಲ್ಲೇನ್ರಿ? ಹರಪ್ಪನ ಹಳ್ಳಿ!" ಅವರ ಮುಖ ನೋಡಬೇಕಿತ್ತು. ಪುಸ್ತಕದಲ್ಲಿ ತಮ್ಮ ಊರು ಬಂದಿದೆ, ಅದೂ ಪ್ರಪಂಚದ ಹಳೆಯ ಊರುಗಳಲ್ಲಿ ಒಂದು! ನಾನು ಹೇಳಬೇಕಾದದ್ದನ್ನು ಹೇಳಿದೆ. "ಅಲ್ಲ, ಅದು ಈಗ ಪಾಕಿಸ್ತಾನದಾಗ ಐತಿ. ಕುಂದ್ರಿರಿ." ಕುಳಿತರು. ಆ ಪೀರಿಯಡ್ಡು ಮುಗಿಯುವ ತನಕ ಆಕಳಿಸಿದರು.

ಮರುದಿನ ನನ್ನ ಮಕ್ಕಳು ಜಗಳಕ್ಕೇ ಬಂದರು. "ಬಿ ಸೆಕ್ಷನ್ನಿನಾಗ ಹರಪ್ಪ ನಮ್ಮೂರೇ ಅಂತ್ರಿ. ನಮಗ ಮಾತ್ರ ಯಾಕ ಪಾಕಿಸ್ತಾನಕ್ಕ ಕಳಿಸಿದ್ರಿ?"

ನೇರವಾಗಿ ರಾಜಾಸಾಬ್ ಸಾರ್ ಹತ್ತಿರ ಹೋದೆ. "ಏನ್ ಸಾರ್ ಇದು? ಮಕ್ಕಳಿಗೆ ಸುಳ್ಳು ಹೇಳಿಕೊಡಾಕತ್ತೀರಲ್ಲ?"

ಅವರು ನಕ್ಕರು. "ನಾ ಏನೂ ಹೇಳಿಲ್ರಿ ಟೀಚರ್. ನಮ್ಮೂರು ಅಂತ ಅವರ ಅಂದ್ರು. ಹೌದೇನು, ಹಂಗಾರ ಪುಸ್ತಕ ತಗಂಡು ಬರ್ರಿ, ನೋಡಿ ಬರೂಣು ಅಂದೆ. ಅಷ್ಟ."

ನಿಜವಾಗಿಯೂ ನೋಡಲು ಹೋದರು. ಪುಸ್ತಕದಲ್ಲಿ ನೇರವಾದ ಬೀದಿಗಳು ಎಂದಿತ್ತು. ಪೇಟೆಯಲ್ಲಿ ನಡೆದರು, ಮೂರು ಕಡೆ ಡೊಂಕು. ಒಂದೇ ಅಳತೆಯ ಇಟ್ಟಿಗೆ ಎಂದಿತ್ತು. ಹಳೆಯ ಗೋಡೆಗಳಿಗೆ ಗೇಣು ಹಾಕಿದರು, ಒಂದರ ಹಾಗೆ ಒಂದಿಲ್ಲ. ಮುಚ್ಚಿದ ಚರಂಡಿ ಎಂದಿತ್ತು. ಅಲ್ಲಿಗೆ ಇಡೀ ಕ್ಲಾಸು ಮೂಗು ಮುಚ್ಚಿಕೊಂಡಿತು. ವಾಪಸು ಬರುವ ಹೊತ್ತಿಗೆ ಮಕ್ಕಳೇ ತೀರ್ಪು ಕೊಟ್ಟಿದ್ದರು. "ನಮ್ಮೂರು ಹರಪ್ಪ ಅಲ್ರಿ ಸಾರ್. ಹರಪ್ಪದಾಗ ಚರಂಡಿ ಚಲೋ ಇದ್ವು." ಪರೀಕ್ಷೆಯಲ್ಲಿ ಬಿ ಸೆಕ್ಷನ್ನಿನ ಮಕ್ಕಳು ಹರಪ್ಪದ ಚರಂಡಿಯ ಬಗ್ಗೆ ಪುಟಗಟ್ಟಲೆ ಬರೆದರು. ನನ್ನ ಮಕ್ಕಳು 'ಹರಪ್ಪವು ಪಾಕಿಸ್ತಾನದಲ್ಲಿದೆ' ಎಂದು ಒಂದು ಸಾಲು ಬರೆದು ಸುಮ್ಮನಾದರು. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಹೇಳಿ? ತಪ್ಪಿಲ್ಲದವರಿಗೆ ಬರುವ ಸಿಟ್ಟು ಬಹಳ ಕೆಟ್ಟದ್ದು.

ಇದಾದರೂ ಶಾಲೆಯ ಗೇಟಿನ ಒಳಗೇ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ಮನೆಗೂ ಬಂತು. ತಟ್ಟೆಯ ಮುಂದೆ ಕುಳಿತರೆ ವಸಂತಿಯ ಬಾಯಲ್ಲಿ ಬರುವುದು ಒಂದೇ, "ನಮ್ ಸಾರ್ ಹೇಳ್ಯಾರ." ರೊಟ್ಟಿ ಮುರಿಯುತ್ತಾ, "ಅವ್ವಾ, ಗೋದಿ ಮೊದಲು ಬೆಳದಿದ್ದು ಮೆಸಪಟೋಮಿಯದ ಕಡಿ ಅಂತ, ನಮ್ ಸಾರ್ ಹೇಳ್ಯಾರ" ಎನ್ನುತ್ತಿದ್ದಳು. ನಾನು ಅದನ್ನೇ ಹಿಂದಿನ ವಾರ ಹೇಳಿದ್ದೆ. ಅವಳ ಅಪ್ಪ ಪಿಡಬ್ಲ್ಯುಡಿ ಆಫೀಸಿನಲ್ಲಿ ಗುಮಾಸ್ತರು, ಶಾಲೆಯ ಒಳಗುದಿ ತಿಳಿಯದ ಮನುಷ್ಯ. "ಭಾರಿ ಚಲೋ ಮೇಷ್ಟ್ರು ಸಿಕ್ಕಾರ ನಿನಗ" ಎಂದು ಇನ್ನಷ್ಟು ಉಪ್ಪು ಸುರಿಯುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಇದೇ ಪಾಠ ನಾನೂ ಹೇಳ್ತೀನಲ್ಲ ವಸಂತಿ, ಒಂದು ದಿನಾನಾದ್ರೂ ನಮ್ಮವ್ವ ಹೇಳ್ಯಾಳ ಅಂತ ಯಾರ ಮುಂದಾದ್ರೂ ಅಂದೀಯೇನು?" ಅವಳು ರೊಟ್ಟಿ ಬಾಯಲ್ಲಿಟ್ಟುಕೊಂಡೇ ನನ್ನನ್ನು ನೋಡಿದಳು. ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ನನಗೆ ಬೇಕಾಗಿದ್ದದ್ದು ಅಷ್ಟೇ. ನಮ್ಮವ್ವ ಹೇಳ್ಯಾಳ ಎಂಬ ಎರಡು ಪದ. ಉತ್ತಮ ಶಿಕ್ಷಕಿ ಎಂಬ ಶಾಲು ಬೇಡ, ಬಡ್ತಿ ಬೇಡ, ಆ ಹುಡುಗಿಯ ಬಾಯಿಂದ ಒಂದು ಸಲ ಆ ಎರಡು ಪದ ಬರಬೇಕು.

ಅದಕ್ಕೆ ನಾನೂ ರಾಜಾಸಾಬ್ ಸಾರ್ ದಾರಿಯನ್ನೇ ಹಿಡಿದೆ. ಈಜಿಪ್ಟಿನ ಪಾಠಕ್ಕೆ ಎ ಸೆಕ್ಷನ್ನಿನ ಮಕ್ಕಳನ್ನು ನೀಲಗುಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಭೀಮೇಶ್ವರನ ಗುಡಿ ಹಳೆಯ ಕಾಲದ್ದು, ಕಲ್ಲಿನ ಕೆಲಸ ನೋಡುವಂಥದ್ದು. "ಯಂತ್ರ ಇಲ್ಲದ ಕಾಲದಾಗ ಮನುಷ್ಯರು ಇಂಥ ಕಲ್ಲು ಎತ್ತಿ ನಿಲ್ಲಿಸ್ಯಾರ ನೋಡ್ರಿ. ಈಜಿಪ್ಟಿನಾಗೂ ಹಿಂಗ ಕಲ್ಲು ಸಾಗಿಸಿ ಪಿರಮಿಡ್ಡು ಕಟ್ಟಿದ್ರು" ಎಂದೆ. ಮಕ್ಕಳು ಕಂಬಗಳನ್ನು ಮುಟ್ಟಿ ನೋಡಿದರು, ಬುತ್ತಿ ಬಿಚ್ಚಿ ಉಂಡರು, ಖುಷಿಯಾಗಿ ವಾಪಸು ಬಂದರು. ಗೆದ್ದೆ ಎಂದುಕೊಂಡೆ. ಪರೀಕ್ಷೆಯ ಪೇಪರು ತಿದ್ದುವಾಗ ನೋಡಿದರೆ ಅರ್ಧ ಕ್ಲಾಸು 'ಪಿರಮಿಡ್ಡುಗಳು ನೀಲಗುಂದದಲ್ಲಿವೆ' ಎಂದು ಬರೆದಿತ್ತು. ಒಬ್ಬನಂತೂ 'ಅವುಗಳ ಒಳಗೆ ಭೀಮೇಶ್ವರ ದೇವರಿದ್ದಾನೆ' ಎಂದು ಸೇರಿಸಿದ್ದ. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಜಾಸಾಬ್ ಸಾರ್ ಮಾತ್ರ ನಗಲಿಲ್ಲ. "ಮಕ್ಳು ನೋಡಿದ್ದನ್ನ ಬರದಾವ್ರಿ, ಒಂದು ಅರ್ಧ ಮಾರ್ಕು ಕೊಡ್ರಿ" ಎಂದರು. ನಕ್ಕಿದ್ದರೆ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಹೊಸಬರಿಗೆ ಹೇಳುತ್ತೇನೆ: ಇನ್ನೊಬ್ಬರು ಮಕ್ಕಳನ್ನು ಊರು ಸುತ್ತಿಸಿದರೆಂದು ನೀವೂ ಸುತ್ತಿಸಬೇಡಿ. ಅವರು ಹರಪ್ಪ ಅಲ್ಲದ ಊರಿನಲ್ಲಿ ಹರಪ್ಪವನ್ನು ಹುಡುಕಿಸಿದರು. ನಾನು ಈಜಿಪ್ಟನ್ನು ತಂದು ನೀಲಗುಂದದಲ್ಲಿ ಇಟ್ಟೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಪೇಪರು ತಿದ್ದುವಾಗ ವ್ಯತ್ಯಾಸ ಗೊತ್ತಾಗುತ್ತದೆ.

ಆ ವರ್ಷವೇ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಮೈಸೂರು ಕಡೆಯವರು, ಮಾತು ನಯ, ಕಣ್ಣು ಚೂಪು. ನಮ್ಮ ಶಾಲೆಗಿದ್ದದ್ದು ಪ್ರಪಂಚದ ಒಂದೇ ಭೂಪಟ, ಎಣ್ಣೆಬಟ್ಟೆಯದು, ಮೇಲೆ ಕೆಳಗೆ ಕೋಲು. ಎರಡೂ ಸೆಕ್ಷನ್ನಿಗೆ ಸರದಿಯ ಮೇಲೆ ಅದೇ. ನಾನು ಅದನ್ನು ಗೋಡೆಗೆ ತೂಗುಹಾಕಿ ಬೆತ್ತದ ತುದಿಯಿಂದ ತೋರಿಸುವವಳು. ರಾಜಾಸಾಬ್ ಸಾರ್ ನೆಲಕ್ಕೆ ಹಾಸುವವರು. ಅದಕ್ಕೂ ಒಂದು ಕಾರಣವಿತ್ತು. ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ ಎಂದು ಗೋಡೆಯ ಮೇಲೆ ತೋರಿಸಿದರೆ "ನೀರು ಮ್ಯಾಲಕ್ಕ ಹೆಂಗ ಹರೀತೈತ್ರಿ?" ಎಂದು ಮಕ್ಕಳು ಕೇಳುತ್ತಾರೆ. ನಾನು "ನಕ್ಷೆಯಲ್ಲಿ ಮೇಲೆ ಎಂದರೆ ಉತ್ತರ" ಎಂದು ಬಾಯಿಪಾಠ ಮಾಡಿಸಿದ್ದೆ. ಅವರು ಭೂಪಟದ ಉತ್ತರವನ್ನು ಊರಿನ ಉತ್ತರಕ್ಕೆ ಹೊಂದಿಸಿ ಹಾಸಿ, ಮಕ್ಕಳನ್ನು ನೈಲ್ ಗುಂಟ ನಡೆಸುತ್ತಿದ್ದರು. ಭೂಪಟ ನನ್ನ ಕೈಗೆ ಬರುವಾಗ ಸಹಾರಾ ಮರುಭೂಮಿಯಲ್ಲಿ ಕೆಮ್ಮಣ್ಣಿನ ಹೆಬ್ಬೆರಳ ಗುರುತು ಇರುತ್ತಿತ್ತು. ನಾನು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಸುಸ್ತಾಗಿದ್ದೆ.

ಸಾಹೇಬರು ಬಿ ಸೆಕ್ಷನ್ನಿಗೆ ಕಾಲಿಟ್ಟಾಗ ಮಕ್ಕಳು ಭೂಪಟದ ಮೇಲೆ ನಿಂತಿದ್ದರು. ಒಂದೊಂದು ದೇಶ ದಾಟುವಾಗಲೂ ಬಗ್ಗಿ, ಮುಟ್ಟಿ, ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕಾಲು ತಾಗಿದರೆ ಹಾಗೆ ಮಾಡಬೇಕೆಂದು ಮನೆಯಲ್ಲಿ ಕಲಿತ ಮಕ್ಕಳು. ನಾನೂ ಹೆಡ್‌ಮೇಷ್ಟ್ರೂ ಸಾಹೇಬರ ಹಿಂದೆಯೇ ಇದ್ದೆವು.

"ಏನ್ರೀ ಇದು ಮೇಷ್ಟ್ರೇ?" ಸಾಹೇಬರ ಮುಖ ಕೆಂಪಾಯಿತು. "ಭಾರತದ ಮೇಲೆ ಕಾಲಿಡಿಸಿದ್ದೀರಲ್ಲ?"

ರಾಜಾಸಾಬ್ ಸಾರ್ ಗಡಬಡಿಸಿ ಭೂಪಟದ ಅಂಚು ಸುತ್ತಲು ಬಗ್ಗಿದರು. ಅವರು ಹಾಗೆ ತಬ್ಬಿಬ್ಬಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಒಳಗೊಳಗೆ ಎಂಥ ಸಂತೋಷ ಅಂತೀರಿ! ಇನ್ನು ಮೇಲೆ ಭೂಪಟ ಗೋಡೆಗೇ ಎಂದುಕೊಂಡೆ. ಅಷ್ಟರಲ್ಲಿ ಅರಬ್ಬೀ ಸಮುದ್ರದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಕೈಯೆತ್ತಿದಳು. ವಸಂತಿ.

"ಸಾರ್, ನಾವು ಈಗ್ಲೂ ಭಾರತದ ಮ್ಯಾಲ ನಿಂತೀವಲ್ರಿ. ನೀವೂ ನಿಂತೀರಿ."

ಸಾಹೇಬರು ತಮ್ಮ ಬೂಟಿನ ಕಡೆ ನೋಡಿಕೊಂಡು ಗಟ್ಟಿಯಾಗಿ ನಕ್ಕುಬಿಟ್ಟರು. "ಯಾರ ಮಗಳಮ್ಮ ನೀನು?" ಹೆಡ್‌ಮೇಷ್ಟ್ರು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು. "ಓಹೋ, ತಾಯಿ ಟೀಚರು. ಅದಕ್ಕೇ ಇಷ್ಟು ಚುರುಕು. ಮನೆಯಲ್ಲಿ ಅಮ್ಮ ಹೇಳಿಕೊಟ್ಟಿದ್ದಾ?"

ನಾನು ಸೆರಗು ಸರಿಮಾಡಿಕೊಂಡೆ. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಇಲ್ರಿ ಸಾರ್" ಎಂದಳು ನನ್ನ ಮಗಳು. "ನಮ್ ಸಾರ್ ಹೇಳ್ಯಾರ."

ಆ ವಾರವೇ ಹೆಡ್‌ಮೇಷ್ಟ್ರ ಹತ್ತಿರ ಹೋಗಿ ವಸಂತಿಯನ್ನು ನನ್ನ ಸೆಕ್ಷನ್ನಿಗೆ ಹಾಕಿಸಿಕೊಂಡೆ. ನಾಲ್ಕು ಮಂದಿ ಎಂಟು ಮಾತಾಡಲಿ ಎಂದೆ. ಅವರು ಕಾರಣ ಕೇಳಿದಾಗ ಬೆಳಕು, ಗಾಳಿ, ಕಣ್ಣುನೋವು ಏನೇನೋ ಹೇಳಿದೆ. ರಾಜಾಸಾಬ್ ಸಾರ್, "ಚಲೋ ಹುಡುಗಿ ಟೀಚರ್, ಪ್ರಶ್ನಿ ಕೇಳಾಕ ಬಿಡ್ರಿ" ಎಂದಷ್ಟೇ ಹೇಳಿ ಅವಳ ಚೀಲವನ್ನು ತಾವೇ ತಟ್ಟಿಯ ಈ ಕಡೆ ತಂದಿಟ್ಟರು.

ವಸಂತಿ ನನ್ನ ಕ್ಲಾಸಿನಲ್ಲಿ ಹೇಗಿದ್ದಳು ಎಂದರೆ, ಗೇಟಿನ ಹತ್ತಿರ ನಾನು ಹೇಳಿದ್ದ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. "ಹಾಜರ್ ಟೀಚರ್." "ಹೌದ್ರಿ ಟೀಚರ್." "ಇಲ್ರಿ ಟೀಚರ್." ಕೇಳಿದ್ದಕ್ಕೆ ಪುಸ್ತಕದಲ್ಲಿದ್ದ ಹಾಗೆ ಉತ್ತರ, ಮರಳಿ ಒಂದು ಪ್ರಶ್ನೆಯಿಲ್ಲ. ಕುಳಿತದ್ದು ತಟ್ಟಿಗೆ ಒರಗಿಕೊಂಡು.

ಚೀನದ ಪಾಠ ನಡೆದಿತ್ತು. "ಹ್ವಾಂಗ್‌ಹೊ ನದಿಯು ಆಗಾಗ ತನ್ನ ಪಾತ್ರವನ್ನು ಬದಲಿಸುವುದರಿಂದ ಅದನ್ನು ಚೀನದ ದುಃಖ ಎನ್ನುತ್ತಾರೆ" ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ತಟ್ಟಿಯ ಆಚೆ ನಗುವಿನ ಅಲೆ ಎದ್ದಿತು. ಈ ಕಡೆ ವಸಂತಿಯೂ ನಕ್ಕಳು. ನನ್ನ ಕ್ಲಾಸಿನಲ್ಲಿ, ನನ್ನ ಮಗಳು, ಅವರ ಮಾತಿಗೆ!

"ಎದ್ದು ನಿಲ್ಲು. ಯಾಕ ನಕ್ಕಿ?"

"ಸಾರ್ ಹೇಳಿದ್ದಕ್ಕ ನಗು ಬಂತ್ರಿ ಟೀಚರ್."

"ಏನು ಹೇಳಿದ್ರು? ಎಲ್ಲರ ಮುಂದ ಹೇಳು."

ಹೇಳಿದಳು. "ಬಯಲಾಟದಾಗ ರಾಜನ ಪಾತ್ರ ಮಾಡೋನು ಆಟ ನಡದಾಗ ಒಮ್ಮೆಲೇ ಎದ್ದು, ನಂಗೆ ಈ ಪಾತ್ರ ಬ್ಯಾಡ, ನಾ ರಾಣಿ ಆಗ್ತೀನಿ ಅಂತ ಸೀರಿ ಉಟ್ಕಂಡು ಬಂದ್ರ ರಾಣಿ ಪಾತ್ರದೋನು ಎಲ್ಲಿಗೆ ಹೋಗಬೇಕು? ಹ್ವಾಂಗ್‌ಹೊ ನದಿನೂ ಹಂಗಂತ್ರಿ. ತನ್ನ ಪಾತ್ರ ಬಿಟ್ಟು ಇನ್ನೊಬ್ರ ಹೊಲದಾಗ ಹೋಗ್ತೈತಿ. ಅಲ್ಲಿದ್ದೋರು ಎಲ್ಲಿಗೆ ಹೋಗಬೇಕು?"

ನನ್ನ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಪಾತ್ರ ಎಂಬ ಪದವನ್ನು ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೆ. ಅದು ಬಯಲಾಟದ ಪಾತ್ರವೂ ಹೌದು ಎಂದು ನನಗೆ ಯಾಕೆ ಹೊಳೆಯಲಿಲ್ಲ? ವಸಂತಿ ಇನ್ನೂ ನಿಂತೇ ಇದ್ದಳು, ಮುಖದಲ್ಲಿ ಆ ನಗು ಹಾಗೇ ಇತ್ತು. ತಟ್ಟಿಯ ಆ ಕಡೆ ಇದ್ದಾಗ ದಿನಾ ಇದ್ದ ನಗು ಅದು. ನನ್ನ ಕ್ಲಾಸಿಗೆ ಬಂದ ಮೇಲೆ ಅದನ್ನು ಕಂಡದ್ದು ಆವತ್ತೇ. ಅರ್ಧವಾರ್ಷಿಕ ಪರೀಕ್ಷೆ ಮುಗಿಯುತ್ತಲೇ ಅವಳ ಚೀಲವನ್ನು ನಾನೇ ತಟ್ಟಿಯ ಆಚೆ ಇಟ್ಟು ಬಂದೆ.

ಅದೇ ವರ್ಷದ ಕೊನೆಗೆ ಭೂಗೋಳದ ಸಂಕ್ರಾಂತಿ ವೃತ್ತಗಳ ಪಾಠ ಬಂತು. ನನಗೆ ಉಳಿದಿದ್ದದ್ದು ಏಡಿಯೊಂದೇ. ಹಳ್ಳದಿಂದ ತರಿಸಿ ಮೇಜಿನ ಮೇಲೆ ಬಿಟ್ಟು ಗಂಟಲು ಬಿಚ್ಚಿ ಪಾಠ ಮಾಡಿದೆ. ನನ್ನ ಮಕ್ಕಳು ಕುಣಿದರು. ತಟ್ಟಿಯ ಆಚೆಗೂ ಕೇಳಿಸಲಿ ಎಂದು ಇನ್ನಷ್ಟು ಕೂಗಿ ಹೇಳಿದೆ. ಆದರೆ ಆಚೆ ಪಿಟ್ಟೆನ್ನುವ ಸದ್ದಿಲ್ಲ. ನನ್ನ ಹಣೆಬರಹವೇ! ಇವತ್ತೇ ಹೊರಗೆ ಕರೆದುಕೊಂಡು ಹೋಗಬೇಕಿತ್ತೇ ಎಂದು ಹಲ್ಲು ಕಡಿದೆ.

ಮುಂದೆ ರಾಜಾಸಾಬ್ ಸಾರ್‌ಗೆ ಹಡಗಲಿಯ ಕಡೆ ವರ್ಗವಾಯಿತು. ತಟ್ಟಿಯ ಜಾಗದಲ್ಲಿ ಸಿಮೆಂಟಿನ ಗೋಡೆ ಬಂತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಟ್ರೈನಿಂಗುಗಳಲ್ಲಿ ಭೂಪಟವನ್ನು ನೆಲಕ್ಕೆ ಹಾಸಿ, ಮಕ್ಕಳನ್ನು ಹೊರಗೆ ಕರೆದೊಯ್ಯಿರಿ ಎಂದು ಹೊಸ ವಿಧಾನ ಹೇಳಿಕೊಡತೊಡಗಿದರು. ಎಲ್ಲರೂ ಬರೆದುಕೊಂಡರು. ನಾನು ಮಾತ್ರ ಪೆನ್ನು ಮುಚ್ಚಿಟ್ಟು ಕುಳಿತೆ. ಅವರಿಗೆ ಇದು ಹೊಸದು, ನನಗೆ ಅಜೀರ್ಣವಾದ ಹಳೆಯ ಊಟ. ಗೋಡೆ ಬಂದ ಮೇಲೆ ನನ್ನ ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಪಾಠದಲ್ಲಿ ಮೊದಲಿನ ಬಿಸಿ ಇರಲಿಲ್ಲ.

ವಸಂತಿ ಈಗ ಕೊಟ್ಟೂರಿನಲ್ಲಿ ಟೀಚರ್. ಅವಳೂ ಸಮಾಜವನ್ನೇ ಹಿಡಿದಳು. ನಾನು ನಿವೃತ್ತಿಯಾದ ಮೇಲೆ ಒಮ್ಮೆ ಹೇಳದೆ ಕೇಳದೆ ಕೊಟ್ಟೂರಿಗೆ ಹೋದೆ. ಮನೆಗೆ ಬೀಗ. ಶಾಲೆಗೇ ಹೋಗಿ ಅವಳ ಕ್ಲಾಸಿನ ಕಿಟಕಿಯ ಹೊರಗೆ ನಿಂತೆ. ಬೋರ್ಡಿನ ಮೇಲೆ ದೊಡ್ಡದೊಂದು ಗುಂಡು, ಅದಕ್ಕೆ ಮೂರು ಅಡ್ಡ ಗೆರೆ. ಮೇಜಿನ ಮೇಲೆ ಡಬ್ಬಿ. ಮುಚ್ಚಳ ತೆಗೆದಳು, ಮಕ್ಕಳು ಕಿರುಚಿ ಬೆಂಚು ಹತ್ತಿದರು. ನನ್ನ ಏಡಿ! ನನ್ನ ಎದೆ ಉಬ್ಬಿತು. ಇನ್ನೇನು ಆ ಎರಡು ಪದ ಬಂದೇಬಿಡುತ್ತವೆ ಎಂದು ಕಿಟಕಿಯ ಸರಳು ಹಿಡಿದುಕೊಂಡೆ.

"ಈ ಪಾಠ ನಾನು ನಿಮ್ಮಷ್ಟು ಇದ್ದಾಗ ನಮ್ಮ ರಾಜಾಸಾಬ್ ಸಾರ್ ನಮಗೆ ಕೇಳಿಸಿದ್ರು" ಎಂದಳು ವಸಂತಿ.

ಗಂಟೆ ಹೊಡೆದು ಅವಳು ಹೊರಗೆ ಬರುವ ತನಕ ನಾನು ಹೇಗೆ ತಡೆದುಕೊಂಡೆನೋ ನನಗೇ ಗೊತ್ತಿಲ್ಲ. ಬಂದೆ ಯಾವಾಗ, ಉಂಡೆಯಾ ಎಂದು ಅವಳು ಕೇಳುವ ಮೊದಲೇ ಕೇಳಿದೆ. "ಏಡಿ ಯಾರದು?"

"ನಿಂದವ್ವಾ" ಎಂದಳು ಮೆಲ್ಲಗೆ.

"ಮತ್ತ ಸಾರ್ ಹೇಳಿದ್ರು ಅಂತ ಯಾಕ ಅಂದಿ?"

"ಹೇಳಿದ್ರು ಅನ್ಲಿಲ್ಲ, ಕೇಳಿಸಿದ್ರು ಅಂದೆ. ನೀನು ಏಡಿ ತಂದ ದಿನ ಸಾರ್ ಪಾಠ ನಿಲ್ಲಿಸಿಬಿಟ್ರು. ಬಾಯಿ ಮ್ಯಾಲ ಬೆರಳಿಟ್ಟು, 'ಯಾರೂ ಉಸುರು ಬಿಡಬ್ಯಾಡ್ರಿ, ಆ ಕಡಿ ಟೀಚರ್ ಪಾಠ ಕೇಳ್ರಿ' ಅಂದ್ರು. ನಾನು ತಟ್ಟಿ ಸಂದಿನಾಗಿಂದ ಏಡಿ ನೋಡಿದೆ. ಅದೊಂದ ದಿನ ಅಲ್ಲ. ನೀನು ಚಲೋ ಹೇಳಾಕತ್ತಿದಿ ಅಂದ್ರ ಸಾರ್ ನಮ್ಮನ್ನ ಹಂಗ ಸುಮ್ನ ಕುಂದ್ರಿಸಿ ಕೇಳಿಸ್ತಿದ್ರು. ತಾವೂ ಕೇಳ್ತಿದ್ರು."

ಆ ನಿಶ್ಶಬ್ದಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಮಕ್ಕಳು ಹೊರಗೆ ಹೋದರು ಎಂದು ನಾನು ನಿಟ್ಟುಸಿರು ಬಿಟ್ಟ ದಿನಗಳು. ನಿಮಗೆ ಇಲ್ಲಿ ನಾನು ಕರಗಿಹೋದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಇಲ್ಲ, ಮೊದಲು ಬಂದದ್ದು ಹೊಟ್ಟೆಯುರಿಯೇ. ಮಾತಿನಲ್ಲಿ ಮೀರಿಸಿದ್ದು ಸಾಲದೆಂದು ಆ ಮನುಷ್ಯ ಸುಮ್ಮನಿರುವುದರಲ್ಲೂ ನನ್ನನ್ನು ಮೀರಿಸಿಬಿಟ್ಟಿದ್ದರು!

"ಆಯ್ತು. ಆದ್ರೂ ಪಾಠ ಹೇಳಿದಾಕಿ ನಾನು. ಕ್ಲಾಸಿನಾಗ ನನ್ನ ಹೆಸರು ಹೇಳಾಕ ಏನಾಗಿತ್ತು ನಿನಗ? ನಮ್ಮವ್ವ ಅನ್ನಾಕ ನಾಲಿಗಿ ತಿರುಗಲಿಲ್ಲೇನು?"

ವಸಂತಿ ಸುತ್ತ ನೋಡಿದಳು. ಮಕ್ಕಳು ಕ್ಲಾಸಿನಿಂದ ಹೊರಗೆ ನುಗ್ಗುತ್ತಿದ್ದರು. ಅವಳು ನನ್ನ ಕಿವಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು.

"ನಮ್ಮವ್ವ ಹೇಳ್ಯಾಳ, ಸಾಲ್ಯಾಗ ಅವ್ವ ಅನ್ನಬಾರದು ಅಂತ."

ಅಷ್ಟು ಹೇಳಿ ಏಡಿಯ ಡಬ್ಬಿಯನ್ನು ನನ್ನ ಕೈಗಿಟ್ಟು ಮುಂದಿನ ಪೀರಿಯಡ್ಡಿಗೆ ಹೋದಳು.